ಡ್ರಿಪ್ ನಿಂತಾಗ ಮೊದಲು ಎಲ್ಲಿ ನೋಡಬೇಕು: ಕಿಡ್ನಿ ಸೋತ ಮುದಿ ನಾಯಿಗೆ ಮನೆಯಲ್ಲೇ ಫ್ಲೂಯಿಡ್ ಕೊಡುವಾಗ ಬರುವ ತೊಂದರೆಗಳು

ನಮ್ಮ ಕೆಂಚನಿಗೆ ಹದಿಮೂರು ವರ್ಷವಾದಾಗ ಕಿಡ್ನಿ ಸೋಲತೊಡಗಿತು. ಬೀದಿಯಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ಮೈಸೂರಿನ ನಮ್ಮ ಮನೆ ಸೇರಿದ ನಾಟಿ ನಾಯಿ. ತೂಕ 18 ಕೆಜಿ. ದಿನವಿಡೀ ನೀರು ಕುಡಿಯುತ್ತಿದ್ದ, ಉಚ್ಚೆಗೆಂದು ರಾತ್ರಿ ಮೂರು ಸಲ ಎಬ್ಬಿಸುತ್ತಿದ್ದ, ಮುದ್ದೆ ಸಾರು ಕಂಡರೆ ಮುಖ ತಿರುಗಿಸುತ್ತಿದ್ದ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಒಂದು ಕಸ, 3.4 ಬಂತು. ಪಶುವೈದ್ಯರು ಕಿಡ್ನಿ ಕಾಯಿಲೆಯನ್ನು ಅಳೆಯಲು ಬಳಸುವ ಐರಿಸ್ ಎಂಬ ಲೆಕ್ಕದಲ್ಲಿ ನಾಲ್ಕು ಹಂತಗಳಿವೆ. 2.9ರಿಂದ 5ರವರೆಗೆ ಮೂರನೇ ಹಂತ. ಕೆಂಚ ಅಲ್ಲಿದ್ದ.

ಮೂರು ದಿನ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿದೆವು. ನಾಲ್ಕನೇ ದಿನ ಡಾಕ್ಟರು, ಇನ್ನು ಮೇಲೆ ಎರಡು ದಿನಕ್ಕೊಮ್ಮೆ 250 ಎಂಎಲ್ ಮನೆಯಲ್ಲೇ ಚರ್ಮದಡಿಗೆ ಕೊಡಿ, ರಕ್ತನಾಳಕ್ಕಲ್ಲ, ಹೆದರಬೇಡಿ ಎಂದು ಒಂದು ಸಲ ಮಾಡಿ ತೋರಿಸಿ ಕಳಿಸಿದರು. ತೋರಿಸುವಾಗ ಎಲ್ಲ ಸುಲಭವಾಗಿ ಕಂಡಿತ್ತು. ಮನೆಗೆ ಬಂದ ಮೊದಲ ರಾತ್ರಿ ಹನಿಯೇ ಬೀಳಲಿಲ್ಲ. ಅಮ್ಮ ನಾಯಿಯನ್ನು ಹಿಡಿದುಕೊಂಡು ಕೂತಿದ್ದಾರೆ, ನಾನು ಸೂಜಿ ತೆಗೆದು ಚುಚ್ಚಿ, ಮತ್ತೆ ತೆಗೆದು ಚುಚ್ಚಿ, ನಾಲ್ಕು ಸಲ ಅವನಿಗೆ ನೋವು ಮಾಡಿದೆ. ಆಮೇಲೆ ಗೊತ್ತಾಗಿದ್ದು ಏನೆಂದರೆ, ತೊಂದರೆ ಇದ್ದದ್ದು ಸೂಜಿಯಲ್ಲೇ ಅಲ್ಲ, ಮೇಲಿನ ಬಾಟಲಿಯಲ್ಲಿ. ಆ ನಾಲ್ಕು ಚುಚ್ಚು ಸುಮ್ನೆ ಚುಚ್ಚಿದ್ದು. ಇದನ್ನು ಬರೆಯುತ್ತಿರುವುದೇ ಅದಕ್ಕೆ. ನಾಯಿಯನ್ನು ಮತ್ತೆ ಚುಚ್ಚುವ ಮೊದಲು ಬಾಟಲಿಯಿಂದ ಕೆಳಕ್ಕೆ ಒಂದೊಂದೇ ನೋಡುತ್ತಾ ಬನ್ನಿ. ಹತ್ತರಲ್ಲಿ ಎಂಟು ಸಲ ತಪ್ಪು ನಾಯಿಯ ಮೈ ಮುಟ್ಟುವ ಮೊದಲೇ ಸಿಗುತ್ತದೆ, ನನ್ನ ಅನುಭವದಲ್ಲಂತೂ ಹಾಗೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಕೊಡಬೇಕು, ಎಷ್ಟು ದಿನಕ್ಕೊಮ್ಮೆ, ಯಾವ ಫ್ಲೂಯಿಡ್ ಎನ್ನುವುದನ್ನು ನಿಮ್ಮ ನಾಯಿಯನ್ನು ನೋಡಿದ ಡಾಕ್ಟರೇ ಹೇಳಬೇಕು. ನಾನು ಕೆಂಚನ ಲೆಕ್ಕ ಬರೆದಿದ್ದೇನೆ ಅಷ್ಟೆ. ಅದೇ 250 ಎಂಎಲ್ ಆರು ಕೆಜಿಯ ಪೊಮೇರಿಯನ್‌ಗೆ ಜಾಸ್ತಿಯಾಗುತ್ತದೆ. ಹೃದಯದ ತೊಂದರೆ ಇರುವ ನಾಯಿಗಾದರೆ ಜೀವಕ್ಕೇ ಅಪಾಯ.

ಇದು ಯಾಕೆ ಬೇಕು ಎಂದು ಗೊತ್ತಿದ್ದರೆ ಮುಂದಿನದು ಸುಲಭ. ಒಳ್ಳೆಯ ಕಿಡ್ನಿ ನೀರನ್ನು ಉಳಿಸಿಕೊಂಡು ಉಚ್ಚೆಯನ್ನು ಗಟ್ಟಿ ಮಾಡುತ್ತದೆ. ಸೋತ ಕಿಡ್ನಿಗೆ ಅದು ಆಗುವುದಿಲ್ಲ, ನೀರು ಹಾಗೇ ಹರಿದು ಹೋಗುತ್ತದೆ. ನಾಯಿ ಎಷ್ಟು ಕುಡಿದರೂ ಸಾಲುವುದಿಲ್ಲ. ಮೈ ಒಣಗಿದರೆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಆಗ ಉಳಿದ ಕಿಡ್ನಿಯೂ ಕೆಡುತ್ತದೆ. ಚರ್ಮದಡಿಗೆ ಬಿಟ್ಟ ಫ್ಲೂಯಿಡ್ ಅಲ್ಲಿ ಚೀಲದಂತೆ ನಿಂತು ಕೆಲವು ಗಂಟೆಗಳಲ್ಲಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಇದರಿಂದ ಮೊದಲಿನಂತೆ ಆಗುವುದಿಲ್ಲ. ನಾಯಿಗೆ ಹಾಯೆನಿಸುತ್ತದೆ, ವಾಂತಿ ಕಡಿಮೆಯಾಗುತ್ತದೆ, ಎರಡು ತುತ್ತು ಜಾಸ್ತಿ ತಿನ್ನುತ್ತದೆ. ಉಚ್ಚೆ ಜಾಸ್ತಿ ಎಂದು ಕುಡಿಯುವ ನೀರಿನ ಬಟ್ಟಲನ್ನು ಮಾತ್ರ ಯಾವತ್ತೂ ಎತ್ತಿಡಬೇಡಿ.

ಮೊದಲು ಬಾಟಲಿಯ ಮೇಲಿನ ಹೆಸರು ಓದಿ

ನಮ್ಮಲ್ಲಿ ಡ್ರಿಪ್ ಹಾಕುವುದಕ್ಕೆಲ್ಲ 'ಗ್ಲೂಕೋಸ್ ಹಾಕೋದು' ಎನ್ನುತ್ತೇವೆ. ಒಳಗೆ ಯಾವ ಫ್ಲೂಯಿಡ್ ಇದ್ದರೂ ಬಾಯಲ್ಲಿ ಗ್ಲೂಕೋಸೇ. ಈ ಮಾತಿನ ಅಭ್ಯಾಸದಿಂದಲೇ ನಮ್ಮ ಮನೆಯಲ್ಲಿ ಒಂದು ದೊಡ್ಡ ತಪ್ಪು ಆಗಬೇಕಿತ್ತು. ನನಗೆ ಜ್ವರ ಬಂದ ದಿನ ತಮ್ಮ ಮೆಡಿಕಲ್ ಶಾಪಿಗೆ ಹೋಗಿ 'ಗ್ಲೂಕೋಸ್ ಬಾಟ್ಲು ಕೊಡಿ' ಎಂದ. ಅವರು ಕೇಳಿದ್ದನ್ನೇ ಕೊಟ್ಟರು, ಡಿಎನ್‌ಎಸ್. ಅಂದರೆ ಉಪ್ಪುನೀರಿಗೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ಸೇರಿದ್ದು. ಬಾಟಲಿ ನೋಡಲು ಒಂದೇ ಥರ. ನೇತುಹಾಕುವಾಗ ಅಮ್ಮನ ಕಣ್ಣಿಗೆ ಹೆಸರು ಬಿತ್ತು, ಬಚಾವಾದೆವು.

ಡಾಕ್ಟರು ಬರೆದದ್ದು ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್. ಅದರಲ್ಲಿರುವ ಸೋಡಿಯಂ, ಕ್ಲೋರೈಡ್, ಸ್ವಲ್ಪ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲ ಹೆಚ್ಚುಕಡಿಮೆ ರಕ್ತದ ಹದಕ್ಕೆ ಹತ್ತಿರ. ಕೆಲವರಿಗೆ ಎನ್‌ಎಸ್ ಬರೆಯುತ್ತಾರೆ, ಅದು 0.9 ಪರ್ಸೆಂಟ್ ಉಪ್ಪುನೀರು. ಡೆಕ್ಸ್‌ಟ್ರೋಸ್ ಇರುವುದನ್ನು ಮಾತ್ರ ಚರ್ಮದಡಿಗೆ ಕೊಡಬೇಡಿ. ಸಕ್ಕರೆಯಂಶ ಅಲ್ಲೇ ನಿಂತು ನೋವು, ಕೀವು ಆಗಬಹುದು, ಚರ್ಮವೇ ಕೊಳೆತು ಉದುರಲೂಬಹುದು. ಆದ್ದರಿಂದ ಅಂಗಡಿಯಲ್ಲಿ 'ಆರ್‌ಎಲ್ 500 ಎಂಎಲ್' ಎಂದೇ ಕೇಳಿ. ಇಲ್ಲವೆಂದರೆ ಚೀಟಿ ತೋರಿಸಿ.

ಹೆಸರಾದ ಮೇಲೆ ಎಕ್ಸ್‌ಪೈರಿ ನೋಡಿ. ಬೆಳಕಿಗೆ ಹಿಡಿದು ನೋಡಿ. ಮಸುಕಾಗಿದ್ದರೆ, ಒಳಗೆ ಚೂರು ತೇಲುತ್ತಿದ್ದರೆ, ಹಿಂಡಿದಾಗ ಎಲ್ಲಾದರೂ ಜಿನುಗಿದರೆ ಎಸೆದುಬಿಡಿ. ಆರ್‌ಎಲ್‌ನಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಏನೂ ಇರುವುದಿಲ್ಲ. ತೆರೆದ ಬಾಟಲಿಗೆ ಒಮ್ಮೆ ಕೀಟಾಣು ಹೊಕ್ಕರೆ ಅದು ಅಲ್ಲೇ ಬೆಳೆಯುತ್ತದೆ. ತೆರೆದ ಬಾಟಲಿಯನ್ನು ಎಷ್ಟು ದಿನ ಇಡಬಹುದು ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ನಾನಂತೂ ಪ್ರತಿ ಸಲ ಹೊಸದು ಒಡೆಯುತ್ತಿದ್ದೆ, ಉಳಿದರ್ಧ ಚೆಲ್ಲುತ್ತಿದ್ದೆ. ಚೆಲ್ಲುವಾಗ ಹೊಟ್ಟೆ ಉರಿಯುತ್ತಿತ್ತು ನಿಜ. ಆದರೆ ಒಂದು ಕೀವುಗಡ್ಡೆಗೆ ಕೊಡುವ ದುಡ್ಡಿನಲ್ಲಿ ಎಷ್ಟೋ ಬಾಟಲಿ ಬರುತ್ತವೆ, ನಾಯಿಗೆ ಆಗುವ ನೋವು ಬೇರೆ.

ಹನಿ ಬೀಳುತ್ತಲೇ ಇಲ್ಲ, ಅಥವಾ ಶುರುವಾಗಿ ನಿಂತುಹೋಗುತ್ತದೆ

ಎಲ್ಲರನ್ನೂ ಜಾಸ್ತಿ ಕಾಡುವುದು ಇದೇ. ಸೂಜಿ ಚುಚ್ಚಿರುವಾಗಲೇ ಈ ಕ್ರಮದಲ್ಲಿ ನೋಡಿ, ಸೂಜಿಯನ್ನು ಮುಟ್ಟಬೇಡಿ.

ಬಾಟಲಿಯ ಪಕ್ಕ ಒಳಕ್ಕೆ ಚಪ್ಪಟೆಯಾಗಿದೆಯಾ? ಹಾಗಿದ್ದರೆ ಗಾಳಿ ಸಿಗುತ್ತಿಲ್ಲ ಎಂದರ್ಥ. ನಮ್ಮ ಕಡೆ ಸಿಗುವ ಆರ್‌ಎಲ್ ಬಾಟಲಿಗಳು ಹೆಚ್ಚಾಗಿ ಅರೆಗಟ್ಟಿ ಪ್ಲಾಸ್ಟಿಕ್ಕಿನವು. ಮೆತ್ತನೆಯ ಚೀಲವಾದರೆ ಫ್ಲೂಯಿಡ್ ಇಳಿದಂತೆ ಚೀಲವೂ ಕುಗ್ಗುತ್ತದೆ, ಹೊರಗಿನ ಗಾಳಿ ಬೇಡ. ಅರೆಗಟ್ಟಿ ಬಾಟಲಿ ಸ್ವಲ್ಪ ಕುಗ್ಗಿ ನಿಂತುಬಿಡುತ್ತದೆ. ಒಳಗೆ ನಿರ್ವಾತವಾಗಿ ಫ್ಲೂಯಿಡನ್ನು ಮೇಲಕ್ಕೇ ಹಿಡಿದುಕೊಳ್ಳುತ್ತದೆ. ತುಂಬಿದ ನೀರಿನ ಕ್ಯಾನನ್ನು ಬಗ್ಗಿಸಿದಾಗ ಗಳಗಳ ಎಂದು ತಡೆತಡೆದು ಸುರಿಯುತ್ತದಲ್ಲ, ಅದೇ ಕಾರಣ. ನನ್ನ ಮೊದಲ ರಾತ್ರಿಯ ತೊಂದರೆ ಇದೇ ಆಗಿತ್ತು. ಅರ್ಧ ಗಂಟೆ ಹೆಣಗಿದ್ದೆ.

ಇದಕ್ಕೆ ಗಾಳಿಕಿಂಡಿ ಇರುವ ಐವಿ ಸೆಟ್, ಅಂದರೆ ಬಾಟಲಿಯಿಂದ ಸೂಜಿಗೆ ಹೋಗುವ ಪೈಪಿನ ಸೆಟ್, ಕೇಳಿ ತನ್ನಿ. ಬಾಟಲಿಗೆ ಚುಚ್ಚುವ ಮೊನೆಯ ಪಕ್ಕದಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನು ತೆರೆದರೆ ಗಾಳಿ ಸೋಸಿಕೊಂಡು ಒಳಗೆ ಹೋಗುತ್ತದೆ. ಎಷ್ಟೋ ಸಲ ಸೆಟ್ಟಿನಲ್ಲಿ ಕಿಂಡಿ ಇದ್ದರೂ ಮುಚ್ಚಳ ತೆರೆಯಲು ಮರೆತಿರುತ್ತೇವೆ. ಆಸ್ಪತ್ರೆಗಳಲ್ಲಿ ಬಾಟಲಿಯ ತಳಕ್ಕೆ ಒಂದು ಸೂಜಿ ಚುಚ್ಚಿ ಗಾಳಿ ಬಿಡುವುದನ್ನು ನೀವು ನೋಡಿರಬಹುದು. ಕೆಲಸ ಆಗುತ್ತದೆ, ಆದರೆ ಸೋಸದ ಗಾಳಿ ಒಳಗೆ ಹೋಗುತ್ತದೆ. ಕಿಂಡಿಯ ಸೆಟ್ಟೇ ವಾಸಿ.

ಬಾಟಲಿ ಸರಿಯಿದ್ದರೆ ಹನಿ ಬೀಳುವ ಬುರುಡೆಗೆ ಬನ್ನಿ. ಅದು ಅರ್ಧ ತುಂಬಿರಬೇಕು. ಖಾಲಿಯಿದ್ದರೆ ಎರಡು ಸಲ ಒತ್ತಿ ಬಿಡಿ. ಪೂರ್ತಿ ತುಂಬಿದ್ದರೆ ಹನಿ ಕಾಣುವುದೇ ಇಲ್ಲ, ಹರಿಯುತ್ತಿದ್ದರೂ ನಿಂತಿದೆ ಎಂದುಕೊಳ್ಳುತ್ತೀರಿ. ಆಗ ಪೈಪಿನ ಮೇಲೆ ಹರಿವನ್ನು ಬಿಗಿ, ಸಡಿಲ ಮಾಡುವ ಚಕ್ರವನ್ನು ಬಿಗಿ ಮಾಡಿ, ಬಾಟಲಿಯನ್ನು ಬಾಯಿ ಮೇಲಾಗುವಂತೆ ನೆಟ್ಟಗೆ ಹಿಡಿದು, ಬುರುಡೆ ಒತ್ತಿ ಸ್ವಲ್ಪ ವಾಪಸು ಕಳಿಸಿ.

ಆಮೇಲೆ ಪೈಪು. ಚಕ್ರ ಪೂರ್ತಿ ಬಿಟ್ಟಿದೆಯಾ? ಚಕ್ರ ಬಹಳ ಹೊತ್ತು ಒತ್ತಿದ್ದ ಜಾಗದಲ್ಲಿ ಪೈಪು ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ, ಚಕ್ರವನ್ನು ಸರಿಸಿ ಆ ಜಾಗವನ್ನು ಬೆರಳಲ್ಲಿ ಹೊಸಕಿದರೆ ಬಿಡುತ್ತದೆ. ನಾಯಿ ಪೈಪಿನ ಮೇಲೆ ಕೂತಿದೆಯಾ? ಕೆಂಚ ಎಷ್ಟು ಸಲ ಕೂತಿದ್ದನೋ ಲೆಕ್ಕವಿಲ್ಲ.

ಎತ್ತರವೂ ಮುಖ್ಯ. ಇಲ್ಲಿ ತಳ್ಳುವ ಪಂಪು ಇಲ್ಲ, ಬಾಟಲಿ ಎಷ್ಟು ಮೇಲಿದೆಯೋ ಅಷ್ಟೇ ಒತ್ತಡ. ನಾವು ಮೊದಲು ಕುರ್ಚಿಯ ಬೆನ್ನಿಗೆ ಕಟ್ಟಿದ್ದೆವು, ಹರಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆಮೇಲೆ ಕಿಟಕಿ ಸರಳಿನ ಮೇಲ್ತುದಿಗೆ, ನಾಯಿಯ ಬೆನ್ನಿನಿಂದ ನಾಲ್ಕಡಿ ಮೇಲೆ ಕಟ್ಟಿದೆವು. ಹತ್ತು ನಿಮಿಷದೊಳಗೆ ಮುಗಿಯಿತು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಸೂಜಿ. ಅದರ ಬಾಯಿ ಒಳಗಿನ ಪೊರೆಗೆ ಒತ್ತಿಕೊಂಡಿರಬಹುದು. ಹೊರಗೆ ತೆಗೆಯಬೇಡಿ. ಸೂಜಿಯನ್ನು ಅಲ್ಲೇ ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ಆಗಲಿಲ್ಲವಾ, ಒಂದೆರಡು ಮಿಲಿಮೀಟರ್ ಹಿಂದಕ್ಕೆ ಎಳೆಯಿರಿ. ಚರ್ಮವನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಹೆಚ್ಚಿನ ಸಲ ಇಷ್ಟಕ್ಕೇ ಹನಿ ಓಡತೊಡಗುತ್ತದೆ.

ಪ್ರತಿ ಸಲವೂ ನಿಧಾನ ಎಂದಾದರೆ ಸೂಜಿಯ ದಪ್ಪ ನೋಡಿ. ಗೇಜ್ ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ. ಒಳಗಿನ ತೂತು ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಾಪ, ನೋವಾಗದಿರಲಿ ಎಂದು ನಾನು 23 ನಂಬರಿನ ನೀಲಿ ಸೂಜಿ ತಂದಿದ್ದೆ. ಚುಚ್ಚುವ ನೋವು ಒಂದು ಕ್ಷಣ ಕಡಿಮೆ, ಕೂರುವ ಹಿಂಸೆ ಮುಕ್ಕಾಲು ಗಂಟೆ. ಡಾಕ್ಟರು 18 ಹೇಳಿದರು, ನಮಗೆ ಕೊನೆಗೆ 20 ಹೊಂದಿತು. ಬಣ್ಣ ನೋಡಿ ಕೊಳ್ಳುವವರು ಇಲ್ಲಿ ಮೋಸ ಹೋಗುತ್ತಾರೆ. ಸಾಮಾನ್ಯ ಸೂಜಿಯಲ್ಲಿ 18 ಗುಲಾಬಿ, 20 ಹಳದಿ, 21 ಹಸಿರು. ಕೈಗೆ ಹಾಕುವ ಕ್ಯಾನುಲಾದಲ್ಲಿ ಬಣ್ಣಗಳೇ ಬೇರೆ, ಅಲ್ಲಿ 18 ಹಸಿರು, 20 ಗುಲಾಬಿ. ನಂಬರ್ ಹೇಳಿ ಕೇಳಿ, ಬಣ್ಣ ಹೇಳಬೇಡಿ.

ಹರಿಯುತ್ತಿದೆ, ಆದರೆ ನಾಯಿಯ ಮೈ ಒದ್ದೆ

ಸೂಜಿ ಒಂದು ಕಡೆಯಿಂದ ಹೊಕ್ಕು ಚರ್ಮದ ಮಡಿಕೆಯ ಇನ್ನೊಂದು ಕಡೆಯಿಂದ ಹೊರಗೆ ಬಂದಿದೆ. ಹೊಸಬರಿಗೆಲ್ಲ ಆಗುತ್ತದೆ. ರೋಮ ದಟ್ಟವಾಗಿದ್ದರೆ ಮೊನೆ ಕಾಣುವುದೇ ಇಲ್ಲ. ನಾನು ಒಂದು ದಿನ ಎಷ್ಟು ಚೆನ್ನಾಗಿ ಹೋಗುತ್ತಿದೆ ಎಂದು ಖುಷಿಪಡುತ್ತಿದ್ದೆ, ಕೆಳಗೆ ಹಾಸಿದ್ದ ಹಳೇ ಕಂಬಳಿ ಹಿಂಡುವಷ್ಟು ನೆನೆದಿತ್ತು. ಚುಚ್ಚಿದ ಕೂಡಲೇ ಮಡಿಕೆಯ ಆಚೆ ಬದಿಗೆ ಕೈಯಿಟ್ಟು ನೋಡಿ, ತಣ್ಣಗೆ ಒದ್ದೆ ಹತ್ತಿದರೆ ಚಕ್ರ ನಿಲ್ಲಿಸಿ, ಸೂಜಿ ತೆಗೆದು ಹೊಸ ಸೂಜಿ ಹಾಕಿ. ಹೆಗಲುಗಳ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ, ಅದರ ಬುಡದಲ್ಲಿ, ಬೆನ್ನುಮೂಳೆಗೆ ಸಮಾನಾಂತರವಾಗಿ, ಸೂಜಿಯ ಓರೆ ಬಾಯಿ ಮೇಲೆ ಮಾಡಿ ಚುಚ್ಚಬೇಕು. ಗುಡಾರದ ತುದಿಯಲ್ಲಿ ಚುಚ್ಚಿದರೆ ಆಚೆ ಬರುವುದು ಖಂಡಿತ.

ಮುಗಿದು ಸೂಜಿ ತೆಗೆದ ಮೇಲೆ ತೂತಿನಿಂದ ಒಂದಷ್ಟು ಹನಿ ಹೊರಗೆ ಬರುವುದು, ಅದು ನಸುಗೆಂಪಾಗಿರುವುದು ಸಹಜ. ಆ ಜಾಗವನ್ನು ಒಂದೆರಡು ನಿಮಿಷ ಹಿಸುಕಿ ಹಿಡಿಯಿರಿ. ಪೈಪಿನಲ್ಲಿ ರಕ್ತ ಕಂಡರೆ ಯಾವುದೋ ಸಣ್ಣ ನಾಳಕ್ಕೆ ತಾಗಿದೆ, ಸೂಜಿ ತೆಗೆದು ಒತ್ತಿ ಹಿಡಿದು ಬೇರೆ ಜಾಗ ನೋಡಿ. ಪೈಪಿನ ಗಾಳಿ ಸ್ವಲ್ಪ ಚರ್ಮದಡಿಗೆ ಹೋದರೆ ಮುಟ್ಟಿದಾಗ ಪಟಪಟ ಎನ್ನುತ್ತದೆ. ಭಯ ಬೇಡ, ರಕ್ತನಾಳಕ್ಕೆ ಹೋದ ಹಾಗಲ್ಲ ಅದು, ತಾನಾಗಿ ಕರಗುತ್ತದೆ. ಆದರೂ ಚುಚ್ಚುವ ಮೊದಲು ಪೈಪಿನ ಗಾಳಿ ಕಳೆಯುವುದು ಒಳ್ಳೆಯದು.

ಎಷ್ಟು ಹೋಯಿತು ಎಂಬ ಲೆಕ್ಕವೇ ಸಿಗುತ್ತಿಲ್ಲ

ಬಾಟಲಿಯ ಗೆರೆಗಳನ್ನು ನಂಬಿ ನಾನು ಎರಡು ವಾರ ತಪ್ಪು ಕೊಟ್ಟೆ. ಬಾಟಲಿ ಚಪ್ಪಟೆಯಾದರೆ ಮಟ್ಟ ಮೇಲೇರಿ ಕಾಣುತ್ತದೆ, ಓರೆ ನೇತಾಡಿದರೂ ಅಷ್ಟೆ. ಅಡುಗೆಮನೆಯ ಸಣ್ಣ ತೂಕದ ಯಂತ್ರ ಇದ್ದರೆ ಸುಲಭ. ಕೊಡುವ ಮೊದಲು ಬಾಟಲಿ ತೂಗಿ, ಕೊಟ್ಟ ಮೇಲೆ ತೂಗಿ. 250 ಗ್ರಾಂ ಕಡಿಮೆಯಾದರೆ ಹತ್ತಿರಹತ್ತಿರ 250 ಎಂಎಲ್ ಹೋಗಿದೆ. ನಾಯಿ ನಡುವೆ ಎದ್ದು ಹೋಗಿ 150ಕ್ಕೇ ನಿಂತಿತಾ, ಇರಲಿ ಬಿಡಿ. ಉಳಿದದ್ದನ್ನು ಮುಂದಿನ ಸಲಕ್ಕೆ ಸೇರಿಸಿ ಕೊಡಬೇಡಿ.

ಚುಚ್ಚಿದರೆ ಕಿರುಚುತ್ತದೆ, ಬಾಟಲಿ ಕಂಡರೆ ಮಂಚದಡಿ ಸೇರುತ್ತದೆ

ಮೊದಲ ಅನುಮಾನ ತಣ್ಣನೆ ಫ್ಲೂಯಿಡ್. ಡಿಸೆಂಬರ್ ಬೆಳಿಗ್ಗೆ ಮೈಸೂರಿನಲ್ಲಿ ಬಾಟಲಿ ಮುಟ್ಟಿದರೆ ನಮಗೇ ಚಳಿಯಾಗುತ್ತದೆ, ಅದನ್ನು ಚರ್ಮದಡಿಗೆ ಬಿಟ್ಟರೆ ಹೇಗಿರುತ್ತದೆ ಯೋಚಿಸಿ. ಬಿಸಿನೀರಿನ ಬಕೆಟ್ಟಿನಲ್ಲಿ ಬಾಟಲಿಯನ್ನು ಹದಿನೈದು ನಿಮಿಷ ಇಡಿ. ಎರಡು ಹನಿ ಮಣಿಕಟ್ಟಿನ ಒಳಬದಿಗೆ ಬಿಟ್ಟುಕೊಳ್ಳಿ, ಮಗುವಿನ ಹಾಲು ನೋಡುವ ಹಾಗೆ. ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಮೈಕ್ರೋವೇವ್‌ನಲ್ಲಿ ಇಡಬೇಡಿ, ಒಂದು ಕಡೆ ಸುಡುವಷ್ಟು, ಇನ್ನೊಂದು ಕಡೆ ತಣ್ಣಗೆ ಆಗುತ್ತದೆ.

ಎರಡನೆಯದು ಮೊಂಡು ಸೂಜಿ. ಒಂದೇ ಒಂದು ಸಲ ಚುಚ್ಚಿದರೂ ಸೂಜಿಯ ಮೊನೆ ಮಣಿಯುತ್ತದೆ. ತಪ್ಪಿ ಹೊರಗೆ ಬಂದ ಸೂಜಿಯನ್ನೇ ಮತ್ತೆ ಚುಚ್ಚಬೇಡಿ. ಮೂರನೆಯದು ಒಂದೇ ಜಾಗ. ವಾರಗಟ್ಟಲೆ ಅಲ್ಲೇ ಚುಚ್ಚಿದರೆ ಚರ್ಮ ಗಟ್ಟಿಯಾಗುತ್ತದೆ, ಸೂಜಿ ಇಳಿಯುವಾಗ ಕರಕರ ಎನ್ನುತ್ತದೆ. ನಾವು ಎಡಹೆಗಲು, ಬಲಹೆಗಲು, ಎಡಪಕ್ಕೆ, ಬಲಪಕ್ಕೆ ಎಂದು ಸರದಿ ಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆವು. ರೆಕ್ಕೆಗಳಿರುವ ಚಿಟ್ಟೆ ಸೂಜಿಯೂ ಅನುಕೂಲ, ಹಿಡಿಯಲು ಸುಲಭ, ನಾಯಿ ಅಲುಗಿದರೂ ಕಳಚುವುದು ಕಡಿಮೆ. ದಪ್ಪದ ನಂಬರ್ ಮಾತ್ರ ಮರೆಯಬೇಡಿ.

ಇವೆಲ್ಲ ಸರಿಯಿದ್ದೂ ಹೆದರುತ್ತಿದ್ದರೆ ಹೆದರುತ್ತಿರುವುದು ನಿಮ್ಮ ಮುಖಕ್ಕೆ ಇರಬಹುದು. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ನಾನು ಉಸಿರು ಬಿಗಿಹಿಡಿದು ಹತ್ತಿರ ಹೋದರೆ ಕೆಂಚ ನಡುಗುತ್ತಿದ್ದ. ಅಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, 'ಏನಿಲ್ಲ ಮಗಾ, ಆಯ್ತು, ಈಗ ಆಯ್ತು' ಎಂದು ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಾ ಕಿವಿ ಸವರುತ್ತಿದ್ದರೆ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದ. ಬಾಟಲಿ ಬಿಸಿ ಮಾಡುವುದು, ಪೈಪು ಜೋಡಿಸುವುದು ಎಲ್ಲ ಬೇರೆ ಕೋಣೆಯಲ್ಲಿ ಮುಗಿಸಿಕೊಂಡು ಬನ್ನಿ. ದೀಪಾವಳಿಯ ಮೂರು ದಿನ ಪಟಾಕಿ ಶುರುವಾಗುವ ಮೊದಲು, ಬೆಳಿಗ್ಗೆಯೇ ಕೊಟ್ಟುಬಿಡುತ್ತಿದ್ದೆವು.

ಊತ: ಯಾವುದು ಸರಿ, ಯಾವುದು ಸರಿಯಲ್ಲ

ಕೊಟ್ಟ ಕೂಡಲೇ ಬೆನ್ನ ಮೇಲೆ ಒಂಟೆಯ ಡುಬ್ಬದಂತೆ ಏಳುತ್ತದೆ. ಅದು ಸರಿ. ಮೆತ್ತಗಿರುತ್ತದೆ, ಒತ್ತಿದರೆ ನೋವಿಲ್ಲ. ನಿಧಾನಕ್ಕೆ ಕೆಳಕ್ಕೆ ಜಾರಿ ಒಂದು ಮುಂಗಾಲು ದಪ್ಪವಾಗಬಹುದು, ಎದೆಯಡಿ ಚೀಲದಂತೆ ಜೋಲಬಹುದು. ರಾತ್ರಿ ಹತ್ತಕ್ಕೆ ಕಾಲು ಊದಿದ್ದು ನೋಡಿ ಡಾಕ್ಟರಿಗೆ ಫೋನ್ ಮಾಡಿದವನು ನಾನು. ಬೆಳಿಗ್ಗೆ ಹೊತ್ತಿಗೆ ಇಳಿದಿತ್ತು.

ಊತ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ, ಮುಟ್ಟಲು ಬಿಡದಿದ್ದರೆ, ಕೆಂಪಾಗಿದ್ದರೆ, ವಾಸನೆ ಅಥವಾ ಕೀವು ಇದ್ದರೆ ಅದು ಫ್ಲೂಯಿಡ್ ಅಲ್ಲ, ಸೋಂಕು. ಆ ದಿನವೇ ತೋರಿಸಿ.

ಮುಂದಿನ ಸಲ ಕೊಡುವ ಹೊತ್ತಾದರೂ ಹಿಂದಿನದು ಇಂಗದೇ ಉಳಿದಿದ್ದರೆ ಅದರ ಮೇಲೆ ಇನ್ನೊಂದು ಬಾಟಲಿ ಹಾಕಬೇಡಿ. ಪ್ರಮಾಣ ಜಾಸ್ತಿಯಾಗಿರಬಹುದು, ರಕ್ತದಲ್ಲಿ ಪ್ರೋಟೀನ್ ಇಳಿದಿರಬಹುದು, ಮೈ ತಣ್ಣಗಾಗಿ ರಕ್ತ ಓಡಾಟವೇ ಕುಗ್ಗಿರಬಹುದು. ಇದನ್ನು ಮನೆಯಲ್ಲಿ ಕೂತು ಬಿಡಿಸಲು ಆಗುವುದಿಲ್ಲ, ಫೋನ್ ಮಾಡಿ.

ಉಸಿರು

ಪೈಪಿನ ತೊಂದರೆಗೆ ಸಮಯ ಇರುತ್ತದೆ, ಇದಕ್ಕೆ ಇರುವುದಿಲ್ಲ. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಎದೆ ಎಷ್ಟು ಸಲ ಏರಿತು ಎಂದು ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಕೆಂಚನದು 18, 20 ಇರುತ್ತಿತ್ತು. ಈ ಲೆಕ್ಕವನ್ನು ಫ್ಲೂಯಿಡ್ ಶುರು ಮಾಡುವ ಮೊದಲೇ ನಾಲ್ಕೈದು ದಿನ ಬರೆದಿಟ್ಟುಕೊಳ್ಳಿ. ಮಲಗಿದ್ದಾಗಲೂ 30 ದಾಟುತ್ತಿದ್ದರೆ, ಹೊಸದಾಗಿ ಕೆಮ್ಮು ಬಂದರೆ, ಮೂಗಿನಿಂದ ನೀರು ಸುರಿದರೆ, ಹೊಟ್ಟೆ ಉಬ್ಬಿದರೆ, ಮಲಗಲಾಗದೆ ಕೂತೇ ಉಸಿರಾಡುತ್ತಿದ್ದರೆ ಮೈಯಲ್ಲಿ ನೀರು ಜಾಸ್ತಿಯಾಗಿದೆ ಎಂಬ ಅನುಮಾನ ಮೊದಲು ಬರಬೇಕು. ಫ್ಲೂಯಿಡ್ ನಿಲ್ಲಿಸಿ, ಆಗಲೇ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ಪೊಮೇರಿಯನ್, ಸ್ಪಿಟ್ಜ್‌ನಂಥ ಸಣ್ಣ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಕವಾಟ ಸಡಿಲಾಗುವುದು ಸಾಮಾನ್ಯ. ಶುರು ಮಾಡುವ ಮೊದಲೇ ಎದೆ ಪರೀಕ್ಷೆ ಮಾಡಿಸಿ, ಹೃದಯದಲ್ಲಿ ಮರ್ಮರ್, ಅಂದರೆ ಬಡಿತದ ನಡುವೆ ಬರುವ ಅಸಹಜ ಸದ್ದು, ಇದೆಯಾ ಎಂದು ಬಾಯಿಬಿಟ್ಟು ಕೇಳಿ.

ಡ್ರಿಪ್ ಸರಿಯಾಗಿ ಹೋಗುತ್ತಿದೆ, ನಾಯಿ ಮಾತ್ರ ಸುಧಾರಿಸುತ್ತಿಲ್ಲ

ಮೊದಲು ರಿಪೋರ್ಟನ್ನೇ ಅನುಮಾನಿಸಿ. ಒಂದು ತಿಂಗಳ ನಂತರ ಬೇರೆ ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ಹಿಂದಿನ ಕಾಗದದಲ್ಲಿ 56 ಇದ್ದದ್ದು ಇದರಲ್ಲಿ 118. ನಾನು ಆ ಕಾಗದ ಹಿಡಿದು ಆಟೋದಲ್ಲಿ ಅತ್ತುಬಿಟ್ಟೆ. ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಮೊದಲನೆಯದರಲ್ಲಿ ಬರೆದದ್ದು ಬಿಯುಎನ್, ಅಂದರೆ ಯೂರಿಯಾದಲ್ಲಿರುವ ನೈಟ್ರೋಜನ್ ಮಾತ್ರ, ಎರಡನೆಯದರಲ್ಲಿ ಪೂರ್ತಿ ಯೂರಿಯಾ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ. 118ನ್ನು ಭಾಗಿಸಿದರೆ 55. ಅಂದರೆ ಏನೂ ಕೆಟ್ಟಿರಲಿಲ್ಲ, ಕ್ರಿಯಾಟಿನಿನ್ ಕೂಡ 3.3ಕ್ಕೆ ನಿಂತಿತ್ತು. ಒಂದೇ ಲ್ಯಾಬಿಗೆ ಹೋಗಿ, ಸಾಲಿನ ಹೆಸರು ಓದಿ.

ಅಂಕಿ ನಿಜಕ್ಕೂ ಏರಿದ್ದರೆ ಫ್ಲೂಯಿಡ್ ಜಾಸ್ತಿ ಮಾಡುವುದೊಂದೇ ದಾರಿ ಎಂದುಕೊಳ್ಳಬೇಡಿ. ಉಚ್ಚೆಯಲ್ಲಿ ಸೋಂಕು ಇರಬಹುದು. ಬಿಪಿ ಏರಿರಬಹುದು. ಉಚ್ಚೆಯಲ್ಲಿ ಪ್ರೋಟೀನ್ ಹೋಗುತ್ತಿರಬಹುದು, ಅದಕ್ಕೆ ಬೇರೆ ಔಷಧಿಯೇ ಇದೆ. ರಕ್ತ ಕಡಿಮೆಯಾಗಿದ್ದರೆ, ಅಂದರೆ ವಸಡು ಬಿಳಿಚಿದ್ದರೆ, ಎಷ್ಟು ಆರ್‌ಎಲ್ ಕೊಟ್ಟರೂ ನಾಯಿ ಏಳುವುದಿಲ್ಲ. ಉಣ್ಣೆ ಜ್ವರ, ಮಳೆಗಾಲದ ಇಲಿ ಜ್ವರ ಎರಡೂ ಕಿಡ್ನಿಗೆ ಹೊಡೆಯುತ್ತವೆ, ನಮ್ಮ ಊರುಗಳಲ್ಲಿ ಇವೆರಡನ್ನೂ ಪರೀಕ್ಷೆ ಮಾಡಿಸದೆ ಬಿಡಬಾರದು. ಇಲಿ ಜ್ವರ ಮನುಷ್ಯರಿಗೂ ಅಂಟುವುದರಿಂದ ಅನುಮಾನ ಇರುವಾಗ ಉಚ್ಚೆ ಒರೆಸಲು ಕೈಗವಸು ಹಾಕಿಕೊಳ್ಳಿ.

ಮನೆಯಲ್ಲಿ ಯಾರು ಏನು ತಿನ್ನಿಸುತ್ತಿದ್ದಾರೆ ಎನ್ನುವುದನ್ನೂ ಕೇಳಿ. ನಮ್ಮಲ್ಲಿ ಅಜ್ಜಿ ಪ್ರೀತಿಯಿಂದ ದಿನಾ ಒಂದು ಬಟ್ಟಲು ಗಟ್ಟಿ ಮೊಸರು ಕೊಡುತ್ತಿದ್ದರು, ತಮ್ಮ ಭಾನುವಾರ ಮೂಳೆ ಹಾಕುತ್ತಿದ್ದ. ಎರಡರಲ್ಲೂ ಫಾಸ್ಫರಸ್ ಜಾಸ್ತಿ, ಸೋತ ಕಿಡ್ನಿಗೆ ಅದನ್ನು ಹೊರಹಾಕಲು ಆಗುವುದಿಲ್ಲ. ಪ್ರಸಾದದ ಒಣದ್ರಾಕ್ಷಿ ಒಂದೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಒಳ್ಳೆಯ ಕಿಡ್ನಿಯನ್ನೂ ಕೆಡಿಸುತ್ತವೆ. ಕುಂಟುತ್ತಿದೆ ಎಂದು ನಮ್ಮ ನೋವಿನ ಮಾತ್ರೆ, ಐಬುಪ್ರೊಫೆನ್, ಡೈಕ್ಲೋಫೆನಾಕ್, ಕೊಡಲೇಬೇಡಿ.

ಮೈ ಒಣಗಿದೆಯಾ ಎಂದು ನೋಡಲು ಚರ್ಮ ಎಳೆದು ಬಿಡುವ ಪರೀಕ್ಷೆಯನ್ನು ಮುದಿ ನಾಯಿಯಲ್ಲಿ ಪೂರ್ತಿ ನಂಬಬೇಡಿ, ವಯಸ್ಸಿಗೆ ಚರ್ಮವೇ ಸಡಿಲ. ವಸಡು ಮುಟ್ಟಿ ನೋಡಿ, ಅಂಟಂಟಾಗಿದ್ದರೆ ಒಣಗಿದೆ, ಜಾರಿದರೆ ಪರವಾಗಿಲ್ಲ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ಸೂಜಿಗಳು

ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಹಾಕಬೇಡಿ. ಬೆಳಿಗ್ಗೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರಿಗೆ ಚುಚ್ಚುತ್ತದೆ. ಮುಚ್ಚಳ ಮತ್ತೆ ಸಿಕ್ಕಿಸಲು ಹೋದರೆ ನಿಮಗೇ ಚುಚ್ಚುತ್ತದೆ. ತಿರುಪು ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ನೇರ ಹಾಕಿ, ಮುಕ್ಕಾಲು ತುಂಬಿದಾಗ ಕ್ಲಿನಿಕ್ಕಿಗೆ ಕೊಡಿ. ಅವರಲ್ಲಿ ಸೂಜಿಗೆಂದೇ ಬೇರೆ ಡಬ್ಬಿ ಇರುತ್ತದೆ.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಒಂದು ವಾರ ಬಾಟಲಿ, ಪೈಪು, ಸೂಜಿ ಎಲ್ಲ ಸರಿಯಿದ್ದೂ ಡುಬ್ಬ ಎರಡು ದಿನವಾದರೂ ಇಂಗಲಿಲ್ಲ. ಕಿವಿ, ಪಾದ ತಣ್ಣಗಿದ್ದವು. ಬಾಯಿಂದ ಅಮೋನಿಯಾ ವಾಸನೆ. ಕ್ರಿಯಾಟಿನಿನ್ 8 ದಾಟಿತ್ತು. ಡಾಕ್ಟರು ಮನೆಗೇ ಬಂದು ಕೈಯಿಟ್ಟು ನೋಡಿ, ಇನ್ನು ಚುಚ್ಚುವುದು ಬೇಡ ಎಂದರು. ನಾವು ಚುಚ್ಚಲಿಲ್ಲ. ಮೂರನೇ ದಿನ ಮಧ್ಯಾಹ್ನ ಅಮ್ಮನ ತೊಡೆಯ ಮೇಲೆ ಹೋದ. ಒಡೆಯದ ಆರು ಆರ್‌ಎಲ್ ಬಾಟಲಿ ಮತ್ತು ಉಳಿದ ಸೆಟ್ಟುಗಳನ್ನು ಅದೇ ಕ್ಲಿನಿಕ್ಕಿಗೆ ಬರುತ್ತಿದ್ದ ಇನ್ನೊಂದು ಮುದಿ ನಾಯಿಯ ಮನೆಯವರಿಗೆ ಕೊಟ್ಟೆ. ಕೊಡುವಾಗ ಸೆಟ್ಟಿನ ಗಾಳಿಕಿಂಡಿಯ ಮುಚ್ಚಳ ತೆರೆದು ತೋರಿಸಿದೆ.